ಹುರಿದ ಹಿಟ್ಟಿನ ಉಂಡೆ



ನೀವು ತಿಪಟೂರು, ತುರುವೇಕೆರೆ ಅಥವಾ ಚಿಕ್ಕನಾಯಕನಹಳ್ಳಿ ಸೀಮೆಯವರಾಗಿದ್ದರೆ ಹುರಿಹಿಟ್ಟಿನ ಉಂಡೆ ಎಂದರೇನೆಂದು ನಿಮಗೆ ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ರಾಗಿಯನ್ನು ಹುರಿದು ಅರಳಿಸಿ ಬೀಸಿದ ಹಿಟ್ಟು, ಬೆಲ್ಲ, ತುರಿದ ಕೊಬ್ಬರಿ, ಹುರಿಗಡಲೆ, ಎಳ್ಳು, ಒಂದಿಷ್ಟು ಏಲಕ್ಕಿ. ಇಷ್ಟನ್ನು ಬೆರೆಸಿ ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಯಿತು. ಇದೇ ರೀತಿ ಅಕ್ಕಿ, ಹುರಿಗಡಲೆಗಳ ಹಿಟ್ಟಿನಲ್ಲಿ ಕಟ್ಟಿದರೆ ಶಿವರಾತ್ರಿಯ ತಂಬಿಟ್ಟು. ಉಂಡೆ ಕಟ್ಟಿದ ಮೇಲೆ ಅದನ್ನು ಬೇಯಿಸುವುದಿಲ್ಲ, ಕರಿಯುವುದಿಲ್ಲ. ಬೇಯಬೇಕಾದದ್ದೆಲ್ಲ ಮೊದಲೇ ಬೆಂದಿರುತ್ತದೆ.

ಈ ಕೊನೆಯ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲೇ ಬೆಂದ ಹಿಟ್ಟು ಎಂದರೆ ಒಲೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುವ ಉಪಾಯ. ಸೌದೆ ಸಿಗದ ಕಡೆ, ನೀರು ಕುದಿಯಲು ಹೊತ್ತಾಗುವ ಕಡೆ, ನಿಂತು ಅಡಿಗೆ ಮಾಡಲು ಬಿಡುವಿಲ್ಲದ ಕಡೆ ಮನುಷ್ಯ ಈ ಉಪಾಯದಿಂದ ಬದುಕಿದ್ದಾನೆ. ನಮ್ಮ ತೆಂಗಿನ ಸೀಮೆಯಿಂದ ನೈಋತ್ಯ ದಿಕ್ಕಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ಇದೆ. ಅಲ್ಲಿ 1960-61ರಿಂದ ನೆಲೆಸಿರುವ ಟಿಬೆಟನ್ ಜನರಿಗೂ ಇಂಥದೇ ಹಿಟ್ಟೊಂದು ಪ್ರಾಣಸಮಾನ. ಅದರ ಹೆಸರು ತ್ಸಂಪಾ. ನಾವು ಜವೆಗೋಧಿ ಎನ್ನುವ ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು ಅದು. ಅದಕ್ಕೆ ಬೆಣ್ಣೆ, ಸಕ್ಕರೆ ಅಥವಾ ಬೆಲ್ಲ, ಒಣಗಿಸಿದ ಗಿಣ್ಣು ಸೇರಿಸಿ ಅವರೂ ಸಿಹಿ ಉಂಡೆ ಕಟ್ಟುತ್ತಾರೆ.

ಒಂದು ಉಂಡೆ ತೆಂಗಿನ ನೆರಳಿನದು. ಇನ್ನೊಂದು ಹಿಮದ ನಾಡಿನದು. ಇವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡಿದರೆ ಚರಿತ್ರೆಯ ಒಂದು ಒಳ್ಳೆಯ ಪಾಠ ದೊರೆಯುತ್ತದೆ. ಬನ್ನಿ, ನೋಡೋಣ.

ಬಾಣಲೆಯಲ್ಲಿ ನಡೆಯುವುದೇನು?

ಮೊದಲು ಒಲೆಯ ಬಳಿ ಕೂರೋಣ. ಹುರಿಹಿಟ್ಟಿಗೆ ಆರಿಸಿದ ರಾಗಿಗೆ ಹಿಂದಿನ ದಿನವೇ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಕೆಲವರು ನೀರಿನ ಬದಲು ಮಜ್ಜಿಗೆ ಬಳಸುತ್ತಾರೆ. ಮರುದಿನ ನೆರಳಿನಲ್ಲಿ ಆರಹಾಕಿ, ಕಾದ ಬಾಣಲೆಯಲ್ಲಿ ಕಾದ ಮರಳಿನ ಜೊತೆ ಹುರಿಯುತ್ತಾರೆ. ಕಾಳು ಚಟಚಟ ಸಿಡಿದು ಸಾಸಿವೆಯಷ್ಟಿದ್ದದ್ದು ಬಿಳಿಯ ಹೂವಾಗುತ್ತದೆ. ಜರಡಿ ಹಿಡಿದು ಮರಳು ಬೇರ್ಪಡಿಸಿ, ಅರಳನ್ನು ಬೀಸುತ್ತಾರೆ.

ಟಿಬೆಟ್ಟಿನಲ್ಲಿ ಜವೆಗೋಧಿಗೆ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಕಾಳನ್ನು ತೊಳೆದು ತೇವ ಹೀರಲು ಬಿಟ್ಟು, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಹೊಳೆಯ ನೀರಿನಿಂದ ತಿರುಗುವ ಬೀಸುಕಲ್ಲಿನಲ್ಲಿ ಬೀಸುವುದು ಅಲ್ಲಿಯ ಹಳೆಯ ಪದ್ಧತಿ.

ಮೊದಲು ತೇವ ಮಾಡುವುದೇಕೆ? ಪಿಷ್ಟ ಬೇಯಬೇಕಾದರೆ ಶಾಖವೊಂದೇ ಸಾಲದು, ನೀರೂ ಬೇಕು. ಕಾಳಿನೊಳಗೆ ಹೊಕ್ಕ ನೀರು ಮರಳಿನ ಬಿಸಿಗೆ ಉಗಿಯಾಗುತ್ತದೆ. ಹೊರಗಿನ ಸಿಪ್ಪೆ ಅದನ್ನು ಹೋಗಗೊಡುವುದಿಲ್ಲ. ಆ ಒಂದು ಗಳಿಗೆಯಲ್ಲಿ ಪ್ರತಿಯೊಂದು ಕಾಳೂ ಒಂದು ಪುಟ್ಟ ಪ್ರೆಶರ್ ಕುಕ್ಕರ್. ಒಳಗಿನ ಪಿಷ್ಟ ಬೆಂದು ಮೆತ್ತಗಾಗುತ್ತದೆ. ಒತ್ತಡ ಮಿತಿ ಮೀರಿದಾಗ ಸಿಪ್ಪೆ ಒಡೆದು ಉಗಿ ಹೊರನುಗ್ಗುತ್ತದೆ, ಪಿಷ್ಟ ನೊರೆಯಂತೆ ಉಬ್ಬಿ ಹಾಗೆಯೇ ಒಣಗುತ್ತದೆ. ಮರಳಿನ ಕೆಲಸವೇನೆಂದರೆ ಕಾಳಿನ ಎಲ್ಲ ಮೈಗೂ ಒಂದೇ ಸಮನೆ ಬಿಸಿ ಮುಟ್ಟಿಸುವುದು.

ಇಂಥ ಹಿಟ್ಟಿಗೆ ಎರಡು ಗುಣ ಬರುತ್ತವೆ. ಒಂದು, ತಣ್ಣೀರು ಹಾಕಿದರೂ ಕಲಸಿ ತಿನ್ನಬಹುದು. ಎರಡು, ಇದು ಬೇಗ ಕೆಡುವುದಿಲ್ಲ. ಹಸಿ ಕಾಳನ್ನು ಬೀಸಿದಾಗ ಅದರೊಳಗಿನ ಕಿಣ್ವಗಳು ಕೊಬ್ಬಿನ ಅಂಶದ ಮೇಲೆ ಕೆಲಸ ಮಾಡಿ ಹಿಟ್ಟು ಕಹಿಯಾಗುತ್ತಾ ಹೋಗುತ್ತದೆ. ಹುರಿದಾಗ ಕಿಣ್ವಗಳು ನಿಷ್ಕ್ರಿಯವಾಗುತ್ತವೆ, ತೇವವೂ ಹೋಗಿರುತ್ತದೆ. ಇನ್ನು ಆ ಘಮ? ಸಕ್ಕರೆಯ ಅಂಶಗಳೂ ಪ್ರೋಟೀನಿನ ಘಟಕಗಳೂ ಹೆಚ್ಚಿನ ಬಿಸಿಯಲ್ಲಿ ಕೂಡಿದಾಗ ಹುಟ್ಟುವ ನೂರಾರು ಹೊಸ ಸಂಯುಕ್ತಗಳ ಫಲ ಅದು. 1912ರಲ್ಲಿ ಇದನ್ನು ವರ್ಣಿಸಿದ ಫ್ರೆಂಚ್ ರಸಾಯನ ವಿಜ್ಞಾನಿ ಮೈಯಾರ್‌ನ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ.

ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹುರಿಯುವುದನ್ನು ಚಿತ್ರೀಕರಿಸಲು ಹೋಗಿದ್ದಾಗ ನಾನು ಶಬ್ದಗ್ರಾಹಕನಿಗೆ, ಸಿಡಿಯುವ ಸದ್ದು ಪೂರ್ತಿ ನಿಲ್ಲುವವರೆಗೂ ಹಿಡಿದುಕೋ ಎಂದು ಹೇಳುತ್ತಿದ್ದೆ. ಒಲೆಯ ಮುಂದಿದ್ದ ವಯಸ್ಸಾದ ತಾಯಿಯೊಬ್ಬರು ನಕ್ಕರು. “ಸದ್ದು ಕೇಳ್ಕಂಡು ಕೂತ್ರೆ ಆಗಾಕಿಲ್ಲ ಸ್ವಾಮಿ, ಘಮ ನೋಡ್ಬೇಕು. ಸದ್ದು ನಿಂತ ಮ್ಯಾಲೆ ಇಳಿಸಿದ್ರೆ ಸೀದೋಗಿರ್ತದೆ” ಎಂದರು. ದೂರದರ್ಶನದ ಯಂತ್ರ ಬಣ್ಣವನ್ನು ತೋರಿಸೀತು, ಸದ್ದನ್ನು ಕೇಳಿಸೀತು. ಘಮವನ್ನು ನಿಮ್ಮ ಮನೆಗೆ ತಲುಪಿಸಲಾರದು. ಆಕೆಯ ವಿದ್ಯೆಯ ಮುಖ್ಯ ಭಾಗ ನಮ್ಮ ಕ್ಯಾಮೆರಾದ ಹೊರಗೇ ಉಳಿಯಿತು.

ಸಕ್ತುವಿನಿಂದ ಸತ್ತುವಿನವರೆಗೆ

ಹುರಿದ ಹಿಟ್ಟು ಎಷ್ಟು ಹಳೆಯದು? ಋಗ್ವೇದದ ಹತ್ತನೆಯ ಮಂಡಲದಲ್ಲಿ, ಜ್ಞಾನಿಗಳು ಮಾತನ್ನು ಶುದ್ಧಗೊಳಿಸುವುದನ್ನು ಸಕ್ತುವನ್ನು ಜರಡಿ ಹಿಡಿಯುವುದಕ್ಕೆ ಹೋಲಿಸಲಾಗಿದೆ. ಸಕ್ತು ಎಂದರೆ ಹುರಿದ ಧಾನ್ಯದ, ಮುಖ್ಯವಾಗಿ ಜವೆಗೋಧಿಯ ಹಿಟ್ಟು. ಉತ್ತರ ಭಾರತದ ಸತ್ತು ಎಂಬ ಮಾತು ಇದರಿಂದಲೇ ಬಂದದ್ದು. ಬಿಹಾರದಲ್ಲಿ ಈಗ ಅದನ್ನು ಹೆಚ್ಚಾಗಿ ಹುರಿದ ಕಡಲೆಯಿಂದ ಮಾಡುತ್ತಾರೆ. ಧಾನ್ಯ ಬದಲಾಯಿತು, ಹೆಸರು ಉಳಿಯಿತು.

ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿಯ ಕಥೆಯನ್ನು ನೀವು ಕೇಳಿರಬಹುದು. ಧರ್ಮರಾಯನ ಯಜ್ಞ ಮುಗಿದಾಗ ಅರ್ಧ ಮೈ ಚಿನ್ನವಾಗಿದ್ದ ಮುಂಗುಸಿಯೊಂದು ಬಂದು, ಈ ಮಹಾಯಜ್ಞ ಬಡವನೊಬ್ಬನ ಸಕ್ತುದಾನಕ್ಕೆ ಸಮವಲ್ಲ ಎನ್ನುತ್ತದೆ. ಬರಗಾಲದಲ್ಲಿ ಕಾಳು ಆಯ್ದು ತಂದು, ಹಿಟ್ಟು ಮಾಡಿ, ಗಂಡ, ಹೆಂಡತಿ, ಮಗ, ಸೊಸೆ ನಾಲ್ವರೂ ಪಾಲು ಹಂಚಿಕೊಂಡು ಉಣ್ಣಲು ಕುಳಿತಾಗ ಅತಿಥಿ ಬರುತ್ತಾನೆ. ಒಬ್ಬೊಬ್ಬರಾಗಿ ತಮ್ಮ ಪಾಲನ್ನು ಕೊಟ್ಟುಬಿಡುತ್ತಾರೆ. ಆ ಹಿಟ್ಟಿನ ಕಣಗಳು ತಗುಲಿ ಮುಂಗುಸಿಯ ಅರ್ಧ ಮೈ ಚಿನ್ನವಾಗಿತ್ತು. ಇದು ಕಥೆ, ನಿಜ. ಆದರೆ ಕಥೆಗಾರ ಬಡವನ ಕೊನೆಯ ಆಹಾರವಾಗಿ ಯಾವುದನ್ನು ಆರಿಸಿಕೊಂಡ ಎಂಬುದನ್ನು ಗಮನಿಸಿ. ಪಾಯಸವನ್ನಲ್ಲ, ಅನ್ನವನ್ನೂ ಅಲ್ಲ. ಹುರಿದ ಹಿಟ್ಟನ್ನು.

ನೀರು ಬೇಗ ಕುದಿದರೂ ಬೇಳೆ ಬೇಯದ ನಾಡು

ಈಗ ಟಿಬೆಟ್ಟಿನ ಎತ್ತರಕ್ಕೆ ಹೋಗೋಣ. ಲಾಸಾ ನಗರ ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರಿನ ಕುದಿಬಿಂದು ಇಳಿಯುತ್ತದೆ. ಸುಮಾರು 850 ಮೀಟರ್ ಎತ್ತರದ ತಿಪಟೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುದಿದರೆ, ಲಾಸಾದಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಆದ್ದರಿಂದ ಕಾಳು ಬೇಯಲು ಗಂಟೆಗಟ್ಟಲೆ ಬೇಕು. ಮರ ವಿರಳವಾದ ಆ ನಾಡಿನಲ್ಲಿ ಉರುವಲೆಂದರೆ ಬಹುಮಟ್ಟಿಗೆ ಯಾಕ್‌ನ ಒಣಗಿದ ಸಗಣಿ. ಆದರೆ ಮರಳಿಗೆ ಕುದಿಬಿಂದುವಿನ ಮಿತಿಯಿಲ್ಲ. ಒಮ್ಮೆ ಉರಿ ಹಾಕಿ ಒಂದು ಮೂಟೆ ಕಾಳು ಹುರಿದುಕೊಂಡರೆ ಮುಂದೆ ಅನೇಕ ದಿನ ಬಿಸಿ ಚಹಾ ಒಂದಿದ್ದರೆ ಸಾಕು, ಊಟವಾಯಿತು.

ಜವೆಗೋಧಿ ಮೂಲತಃ ಪಶ್ಚಿಮ ಏಷ್ಯಾದ್ದು. ಅಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಕೃಷಿಗೆ ಬಂದದ್ದು. ಟಿಬೆಟ್ ಪ್ರಸ್ಥಭೂಮಿಯ ಅಂಚಿನ ತಗ್ಗು ಕಣಿವೆಗಳಲ್ಲಿ ಮೊದಲು ಬೆಳೆಯುತ್ತಿದ್ದದ್ದು ಉತ್ತರ ಚೀನಾದಿಂದ ಬಂದ ನವಣೆ ಮತ್ತು ಬರಗು. ಹೌದು, ನಮ್ಮ ಹೊಲಗಳಲ್ಲಿಯೂ ಬೆಳೆಯುವ ಅದೇ ನವಣೆ, ಅದೇ ಬರಗು. ಆದರೆ ಅವು ಹಿಮವನ್ನು ತಾಳುವುದಿಲ್ಲ. ಚಳಿ ತಡೆಯುವ ಜವೆಗೋಧಿ ಕೈಗೆ ಬಂದ ಮೇಲೆ, ಸುಮಾರು 3,600 ವರ್ಷಗಳ ಹಿಂದಿನಿಂದ, ಜನ 3,000 ಮೀಟರಿಗಿಂತ ಮೇಲೆ ಹೋಗಿ ಶಾಶ್ವತವಾಗಿ ನೆಲೆಸಲು ಸಾಧ್ಯವಾಯಿತೆಂದು ಪುರಾತತ್ವಜ್ಞರು ತೋರಿಸಿದ್ದಾರೆ.

ತ್ಸಂಪಾವನ್ನು ಬಟ್ಟಲಿಗೆ ಹಾಕಿ, ಉಪ್ಪು ಮತ್ತು ಬೆಣ್ಣೆ ಹಾಕಿದ ಚಹಾ ಒಂದಿಷ್ಟು ಸುರಿದು, ಬಟ್ಟಲನ್ನು ತಿರುಗಿಸುತ್ತಾ ಬೆರಳಿನಿಂದ ಕಲಸಿ ಮುದ್ದೆ ಮಾಡುತ್ತಾರೆ. ಅದಕ್ಕೆ ‘ಪಾಗ್’ ಎನ್ನುತ್ತಾರೆ. ಸಿಹಿ ಬೇಕಾದಾಗ ಬೆಣ್ಣೆ, ಬೆಲ್ಲ, ಒಣ ಗಿಣ್ಣು ಸೇರಿಸುತ್ತಾರೆ. ಪೂಜೆಯ ನಂತರ ಹಂಚುವ ಪ್ರಸಾದವೂ ಹೀಗೆಯೇ ಆಗುತ್ತದೆ. ಬೆಲ್ಲಕ್ಕೆ ಅವರ ಮಾತು ‘ಬುರಂ’. ಕಬ್ಬು ಆ ಚಳಿಯಲ್ಲಿ ಬೆಳೆಯದು; ಸಿಹಿ ಅಲ್ಲಿಗೆ ದಕ್ಷಿಣದ ಬಿಸಿ ನಾಡುಗಳಿಂದ ಘಟ್ಟ ಹತ್ತಿ ಬರಬೇಕಾಗಿತ್ತು.

ನಮ್ಮ ಸೀಮೆಯ ಬರ, ನಮ್ಮ ಸೀಮೆಯ ಹಗೇವು

ತೆಂಗಿನ ತೋಟಗಳನ್ನು ಕಂಡು ತಿಪಟೂರು ಸೀಮೆಯನ್ನು ನೀರಿನ ಸೀಮೆ ಎಂದುಕೊಳ್ಳಬೇಡಿ. ತೋಟವಿರುವುದು ಕೆರೆಯ ಹಿಂದಿನ ತಗ್ಗಿನಲ್ಲಿ. ದಿಣ್ಣೆ ಹತ್ತಿದರೆ ಮಳೆಯನ್ನೇ ನಂಬಿದ ಹೊಲ. ಅಲ್ಲಿ ರಾಗಿ, ಹುರುಳಿ, ಅವರೆ. ಕಲ್ಪತರು ನಾಡಿನ ಹೊಟ್ಟೆ ತುಂಬಿಸಿದ್ದು ಈ ದಿಣ್ಣೆಯ ರಾಗಿ.

ಮಳೆ ಕೈಕೊಟ್ಟರೆ ಏನಾಗುತ್ತಿತ್ತು? 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಎಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಏರಬೇಕಾಗಿದ್ದ ಸಂಖ್ಯೆ ಎಂಟು ಲಕ್ಷದಷ್ಟು ಕುಸಿಯಿತೆಂದರೆ ಎಷ್ಟು ಮನೆಗಳ ಒಲೆ ಆರಿತೆಂದು ಊಹಿಸಿ. ಧಾನ್ಯ ಸಾಗಿಸಲು ದಾರಿಯಿಲ್ಲದ ಕಷ್ಟವನ್ನು ಕಂಡ ಮೇಲೆ ಸಂಸ್ಥಾನದಲ್ಲಿ ರೈಲುಮಾರ್ಗಗಳ ಕೆಲಸಕ್ಕೆ ವೇಗ ಬಂದಿತು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರಕ್ಕೆ ಹೋಗುವ ಮಾರ್ಗ 1880ರ ದಶಕದಲ್ಲಿ ಸಿದ್ಧವಾಯಿತು.

ಬರವನ್ನು ಎದುರಿಸಲು ರೈತನ ಬಳಿ ಇದ್ದ ಹಳೆಯ ಸಾಧನ ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಡಲು ಅಗಲವಾಗಿ ತೋಡಿದ ಗುಂಡಿ ಅದು. ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಹಾಕುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಬದುಕಲಾರದು. ಹಗೇವು ತೆರೆದಾಗ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದುದು ಇದಕ್ಕಾಗಿಯೇ. ರಾಗಿಯ ಕಾಳು ಚಿಕ್ಕದು, ಅದರ ಸಿಪ್ಪೆ ಗಟ್ಟಿ, ಕೊಬ್ಬಿನ ಅಂಶ ಕಡಿಮೆ. ಆದ್ದರಿಂದ ಅದು ವರ್ಷಗಟ್ಟಲೆ ಉಳಿಯುತ್ತಿತ್ತು.

ಈ ಗುಣವನ್ನೇ ಹಿಡಿದು 16ನೇ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯಚರಿತ್ರೆ’ಯನ್ನು ಬರೆದರು. ತಾನು ಹೆಚ್ಚೆಂದು ವ್ರೀಹಿ, ಅಂದರೆ ಭತ್ತ, ನರೆದಲೆಗ ಎಂಬ ರಾಗಿಯನ್ನು ಹೀಯಾಳಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ರಾಘವನ ಹೆಸರು ರಾಗಿಗೆ ಸಲ್ಲುತ್ತದೆ. ಧಾನ್ಯಗಳ ಜಗಳದ ಹೆಸರಿನಲ್ಲಿ ಕನಕದಾಸರು ಆಡಿದ್ದು ಮನುಷ್ಯರ ಮೇಲುಕೀಳಿನ ಮಾತು ಎಂಬುದು ನಿಮಗೆ ತಿಳಿದೇ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಆ ಜಗಳ ಮುಗಿದಿರಲಿಲ್ಲ. ನೆಂಟರ ಎದುರಿಗೆ ಅಕ್ಕಿಯ ತಂಬಿಟ್ಟು. ರಾಗಿ ಹುರಿಹಿಟ್ಟು ಒಳಮನೆಯಲ್ಲಿ ಮಕ್ಕಳಿಗೆ, ಹೊಲಕ್ಕೆ ಹೋಗುವವರಿಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಒಳಮನೆಯ ಉಂಡೆಯೇ ಬಲಿಷ್ಠವಾಗಿತ್ತು.

ಕೊಬ್ಬರಿಯ ಪಾತ್ರ

ಹುರಿದ ಹಿಟ್ಟು ಒಣಗಿದ್ದು. ಅದು ಉಂಡೆಯಾಗಬೇಕಾದರೆ ಹಿಡಿದಿಡುವ ಜಿಡ್ಡು ಬೇಕು. ಟಿಬೆಟ್ಟಿನಲ್ಲಿ ಅದು ಬೆಣ್ಣೆ, ತಿಪಟೂರಿನಲ್ಲಿ ಕೊಬ್ಬರಿ.

ತಿಪಟೂರು ಉಂಡೆ ಕೊಬ್ಬರಿಯ ಬಹುದೊಡ್ಡ ಮಾರುಕಟ್ಟೆ. ಕರಾವಳಿಯಲ್ಲಿ ತೆಂಗಿನಕಾಯಿಯನ್ನು ಹೋಳು ಮಾಡಿ ಬಿಸಿಲಿಗೆ ಒಣಗಿಸಿ ಎಣ್ಣೆ ತೆಗೆಯುತ್ತಾರೆ. ಇಲ್ಲಿಯ ಕ್ರಮ ಬೇರೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಸದ್ದು ಮಾಡುತ್ತದೆ. ಆಗ ಸುಲಿದು, ಕೊಬ್ಬರಿ ಒಡೆಯದಂತೆ ಕರಟ ಮಾತ್ರ ಒಡೆಯಬೇಕು. ಅದು ಪಳಗಿದ ಕೈಗಳ ಕೆಲಸ. ಅರ್ಧದಷ್ಟು ನೀರಿದ್ದ ಹಸಿ ತಿರುಳಿನಲ್ಲಿ ಕೊನೆಗೆ ಉಳಿಯುವ ತೇವ ಶೇಕಡಾ ಆರೇಳು ಮಾತ್ರ. ಎಣ್ಣೆಯ ಅಂಶ ಶೇಕಡಾ 60ಕ್ಕಿಂತ ಹೆಚ್ಚು. ಮಳೆಯ ವಿಚಾರದಲ್ಲಿ ಅಳೆದು ಸುರಿಯುವ ಈ ಬಯಲುಸೀಮೆಯ ಒಣಹವೆಯೇ ಈ ಕ್ರಮಕ್ಕೆ ಅನುಕೂಲ. ಇಲ್ಲಿಂದ ಉಂಡೆ ಕೊಬ್ಬರಿ ಉತ್ತರ ಭಾರತದ ಹಬ್ಬ, ಮದುವೆಗಳ ತಟ್ಟೆಯವರೆಗೂ ಹೋಗುತ್ತದೆ.

ಕೊಬ್ಬರಿಯ ಜಿಡ್ಡಿಗೆ ಒಂದು ವಿಶೇಷವಿದೆ. ಅದು ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಪುಷ್ಯದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ನೀವು ಕಂಡಿದ್ದೀರಿ. ಅಂಗೈಯ ಬಿಸಿ ಇದಕ್ಕಿಂತ ಹೆಚ್ಚು. ಆದ್ದರಿಂದ ಮುಷ್ಟಿಯಲ್ಲಿ ಒತ್ತಿದಾಗ ತುರಿಯ ಜಿಡ್ಡು ಕರಗಿ ಹಿಟ್ಟಿನ ಕಣಗಳ ನಡುವೆ ಹರಿಯುತ್ತದೆ, ತಣಿದಾಗ ಬಿಗಿಯುತ್ತದೆ. ಬೆಲ್ಲದ ಪಾಕ ಅಂಟು ಕೊಡುತ್ತದೆ, ಕೊಬ್ಬರಿ ಮೃದುತ್ವ ಕೊಡುತ್ತದೆ. ಬೆಣ್ಣೆಯ ಹಾಗೆ ಕೊಬ್ಬರಿಯ ಜಿಡ್ಡಿನಲ್ಲಿಯೂ ಸಂತೃಪ್ತ ಕೊಬ್ಬು ಹೆಚ್ಚಾದುದರಿಂದ ಅದು ಗಾಳಿಗೆ ಬೇಗ ಕಮಟುವುದಿಲ್ಲ. ಯಾಕ್ ಮೇಯುವ ಹಿಮದ ಬಯಲೂ ತೆಂಗು ಬೆಳೆಯುವ ಕೆರೆಯ ಹಿಂಬದಿಯೂ ಒಂದೇ ಪ್ರಶ್ನೆಗೆ ತಮ್ಮಲ್ಲಿ ಇದ್ದದ್ದರಿಂದಲೇ ಉತ್ತರ ಹುಡುಕಿಕೊಂಡವು.

ಬೈಲುಕುಪ್ಪೆಯಲ್ಲಿ

ಮಾರ್ಚ್ 1959ರಲ್ಲಿ ದಲಾಯಿ ಲಾಮಾ ಲಾಸಾದಿಂದ ಹೊರಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅಂಥ ದಾರಿಯ ಬುತ್ತಿ ತ್ಸಂಪಾ. ಆ ವರ್ಷವೇ ಕಾಲಿಂಪಾಂಗಿನಿಂದ ಹೊರಡುತ್ತಿದ್ದ ‘ಟಿಬೆಟ್ ಮಿರರ್’ ಎಂಬ ಟಿಬೆಟನ್ ಭಾಷೆಯ ಪತ್ರಿಕೆಯಲ್ಲಿ ಟಿಬೆಟನ್ ಜನರೆಲ್ಲರನ್ನೂ ಉದ್ದೇಶಿಸಿದ ಒಂದು ಪತ್ರ ಪ್ರಕಟವಾಯಿತು. ಅದರಲ್ಲಿ ಜನರನ್ನು ಸಂಬೋಧಿಸಿದ್ದು ತ್ಸಂಪಾ ತಿನ್ನುವವರು ಎಂದು. ಪ್ರಾಂತ, ಪಂಥ, ಆಡುಮಾತು ಬೇರೆ ಬೇರೆಯಾದ ಜನರನ್ನು ಒಂದಾಗಿ ಕರೆಯಲು ಸಿಕ್ಕ ಹೆಸರು ಹುರಿದ ಹಿಟ್ಟು!

ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. ದಕ್ಷಿಣದ ಈ ಮೊದಲ ನೆಲೆಯ ನಂತರ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲುಕುಪ್ಪೆಯಲ್ಲೇ ಎರಡನೆಯ ನೆಲೆ, 1970ರ ದಶಕದಲ್ಲಿ ಹುಣಸೂರು ಬಳಿಯ ಗುರುಪುರ ಮತ್ತು ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯ ಹುಟ್ಟಿಕೊಂಡವು. ಬಂದವರಿಗೆ ಇಲ್ಲಿ ಸಿಕ್ಕಿದ್ದು ಕಾಡು, ಸೆಕೆ, ಆನೆಯ ಹಾವಳಿ. ಕಾಡು ಕಡಿದು ಹೊಲ ಮಾಡಿದರು. ಆದರೆ ಮುಂಗಾರಿನ ಈ ನೆಲ ಜವೆಗೋಧಿಗೆ ಹೇಳಿದ್ದಲ್ಲ. ಅವರ ಮುಖ್ಯ ಬೆಳೆ ಮುಸುಕಿನ ಜೋಳವಾಯಿತು. ನಮ್ಮ ದೇಶದಲ್ಲಿ ಜವೆಗೋಧಿ ಬೆಳೆಯುವುದು ಹೆಚ್ಚಾಗಿ ರಾಜಸ್ಥಾನ, ಉತ್ತರ ಪ್ರದೇಶಗಳ ಚಳಿಗಾಲದ ಹೊಲಗಳಲ್ಲಿ.

ನೆಲ ಹೋಯಿತು, ಬೆಳೆಯೂ ಹೋಯಿತು. ಉಳಿದದ್ದು ಹುರಿಯುವ ವಿದ್ಯೆ ಮತ್ತು ಹಿಟ್ಟಿನ ಮರ್ಯಾದೆ. ಹೊಸ ವರ್ಷದ ಲೋಸರ್ ಹಬ್ಬದಲ್ಲಿ ಪ್ರತಿ ಮನೆಯಲ್ಲೂ ‘ಚೆಮಾರ್’ ಎಂಬ ಅಲಂಕರಿಸಿದ ಮರದ ಪೆಟ್ಟಿಗೆ ಇಡುತ್ತಾರೆ. ಅದರ ಒಂದು ಭಾಗದಲ್ಲಿ ಬೆಣ್ಣೆ ಬೆರೆಸಿದ ತ್ಸಂಪಾ, ಇನ್ನೊಂದರಲ್ಲಿ ಹುರಿದ ಕಾಳು. ಬಂದವರು ಒಂದು ಚಿಟಿಕೆ ತೆಗೆದು ಮೇಲಕ್ಕೆ ಎರಚಿ, ಒಂದಿಷ್ಟು ಬಾಯಿಗೆ ಹಾಕಿಕೊಂಡು ಶುಭ ಕೋರುತ್ತಾರೆ. ದೇವರಿಗೆ ‘ತೋರ್ಮಾ’ ಎಂಬ ಹಿಟ್ಟಿನ ಗೋಪುರ ಮಾಡಿ, ಬಣ್ಣದ ಬೆಣ್ಣೆಯ ಹೂಗಳಿಂದ ಸಿಂಗರಿಸುತ್ತಾರೆ.

ಇದನ್ನು ಓದುವಾಗ ನಮ್ಮ ಕಡೆಯ ಮಕ್ಕಳಿಗೆ ಗ್ರಾಮದೇವತೆಯ ಜಾತ್ರೆ ನೆನಪಾದೀತು. ನೆನೆಸಿ ಕುಟ್ಟಿದ ಅಕ್ಕಿಹಿಟ್ಟಿಗೆ ಬೆಲ್ಲ ಸೇರಿಸಿ ತಂಬಿಟ್ಟು ಮಾಡಿ, ಅದರ ನೆತ್ತಿಯಲ್ಲಿ ಗುಳಿ ತೋಡಿ, ಬತ್ತಿ ಹಚ್ಚಿ, ಹೂವು ಮುಡಿಸಿ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುತ್ತಾರಲ್ಲ, ಆ ತಂಬಿಟ್ಟಿನ ಆರತಿ.

ಹೋಲಿಕೆಯೆಲ್ಲ ನಂಟಲ್ಲ

ಇಲ್ಲಿ ನೀವು ಜಾಗರೂಕರಾಗಿರಬೇಕು. ತೋರ್ಮಾ ಮತ್ತು ತಂಬಿಟ್ಟಿನ ಆರತಿ ಒಂದೇ ರೀತಿ ಕಾಣುತ್ತವೆ. ಹಾಗೆಂದು ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಚರಿತ್ರೆಯ ಹೊಸ ವಿದ್ಯಾರ್ಥಿ ಹೋಲಿಕೆ ಕಂಡ ಕೂಡಲೇ ಯಾರು ಯಾರಿಂದ ಕಲಿತರು ಎಂದು ಕೇಳುತ್ತಾನೆ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇಬ್ಬರಿಗೂ ಒಂದೇ ಅಗತ್ಯವಿತ್ತೇ? ವಸ್ತುವಿನ ಗುಣವೇ ಇಬ್ಬರನ್ನೂ ಒಂದೇ ದಾರಿಗೆ ತಂದಿತೇ? ಕಾದ ಮರಳಿನಲ್ಲಿ ತೇವದ ಕಾಳು ಅರಳುವುದು ಟಿಬೆಟ್ಟಿನಲ್ಲಿಯೂ ಚಿಕ್ಕನಾಯಕನಹಳ್ಳಿಯಲ್ಲಿಯೂ ಒಂದೇ ನಿಯಮದಂತೆ. ನಾದಿದ ಹಿಟ್ಟು ಎಲ್ಲಿಯಾದರೂ ಕೈ ಹೇಳಿದ ಆಕಾರ ತಾಳುತ್ತದೆ. ಹಸಿವನ್ನು ಬಲ್ಲ ಜನ ತಮ್ಮ ಅತ್ಯಂತ ಬೆಲೆಯುಳ್ಳ ಆಹಾರವನ್ನೇ ದೇವರ ಮುಂದಿಡುತ್ತಾರೆ.

ಹಾಗಾದರೆ ನಿಜವಾದ ಪ್ರಯಾಣಗಳು ಯಾವುವು? ಅವು ಉಂಡೆಯ ಒಳಗಿವೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. 1960 ಮತ್ತು 70ರ ದಶಕಗಳಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಅದರ ಆಫ್ರಿಕದ ಬಂಧುವಿನೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದಾಗ, ಸಾವಿರಾರು ವರ್ಷಗಳ ಹಿಂದೆ ಅಗಲಿದ್ದವರು ಮತ್ತೆ ಭೇಟಿಯಾದಂತಾಯಿತು. ಕಡಲೆ ಪಶ್ಚಿಮ ಏಷ್ಯಾದ್ದು. ಕಬ್ಬಿನ ಮೂಲ ನ್ಯೂಗಿನಿ ದ್ವೀಪ. ಕೆಲವರು ಸೇರಿಸುವ ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಕಾಲದ ನಂತರ ಬಂದದ್ದು. ತೆಂಗು ಸಮುದ್ರ ತೀರಗಳ ಮರ. ಎಳ್ಳು ನಮ್ಮ ಉಪಖಂಡದ್ದು, ಏಲಕ್ಕಿ ನಮ್ಮ ಪಶ್ಚಿಮ ಘಟ್ಟದ್ದು. ‘ಅಪ್ಪಟ ದೇಸಿ’ ಎಂದು ನಾವು ಹೆಮ್ಮೆಪಡುವ ಉಂಡೆಯಲ್ಲಿ ಇಷ್ಟು ಖಂಡಗಳಿವೆ. ಇವನ್ನೆಲ್ಲ ಕೂಡಿಸಿ ನಮ್ಮದಾಗಿಸಿದ್ದು ನಮ್ಮ ಅಜ್ಜಿಯರ ಕೈ.

ನಿಮಗೊಂದು ಕೆಲಸ

ವಿಶ್ವಸಂಸ್ಥೆ ಭಾರತದ ಸಲಹೆಯಂತೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಒಳಮನೆಯ ರಾಗಿಗೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಜಾಗ ಸಿಕ್ಕಿದೆ. ಹುರಿಹಿಟ್ಟು ಪೊಟ್ಟಣದಲ್ಲಿ ದೊರೆಯುತ್ತದೆ. ಸಂತೋಷ. ಆದರೆ ಪೊಟ್ಟಣದಲ್ಲಿ ಹಿಟ್ಟು ಇರುತ್ತದೆ, ಘಮ ನೋಡಿ ಬಾಣಲೆ ಇಳಿಸುವ ವಿದ್ಯೆ ಇರುವುದಿಲ್ಲ. ಅದು ಬಲ್ಲವರೊಡನೆ ಹೋಗಿಬಿಡುತ್ತದೆ. ಬೈಲುಕುಪ್ಪೆಯಲ್ಲಿಯೂ ಓದು, ಉದ್ಯೋಗಗಳಿಗಾಗಿ ಯುವಕರು ನಗರಗಳಿಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯ ಹಿರಿಯರಿಗೂ ಇದೇ ಚಿಂತೆ. ನೆಲ ಕಳೆದುಕೊಂಡಾಗಲೂ ಕೈಬಿಡದಿದ್ದ ವಿದ್ಯೆಯನ್ನು ನೆಲದ ಮೇಲೆ ನೆಮ್ಮದಿಯಾಗಿರುವ ನಾವು ಅಜಾಗ್ರತೆಯಿಂದ ಬಿಟ್ಟರೆ ಅದಕ್ಕೆ ಯಾರನ್ನು ದೂರುವುದು?

ಆದ್ದರಿಂದ ಈ ರಜೆಯಲ್ಲಿ ಒಂದು ಪ್ರಯೋಗ ಮಾಡಿ. ಎರಡು ಬಟ್ಟಲು ತೆಗೆದುಕೊಂಡು ಒಂದರಲ್ಲಿ ಹಸಿ ರಾಗಿಹಿಟ್ಟು, ಇನ್ನೊಂದರಲ್ಲಿ ಹುರಿಹಿಟ್ಟು ಹಾಕಿ, ಅಷ್ಟಷ್ಟೇ ತಣ್ಣೀರು ಬೆರೆಸಿ. ಯಾವುದು ಹೆಚ್ಚು ನೀರು ಹೀರಿತು, ಯಾವುದು ಮುದ್ದೆಯಾಯಿತು, ಯಾವುದರ ವಾಸನೆ ಹೇಗಿದೆ, ಬರೆದುಕೊಳ್ಳಿ. ಆಮೇಲೆ ದೊಡ್ಡವರ ಜೊತೆ ಕೂತು ಉಂಡೆ ಕಟ್ಟಿ. ಎರಡು ಪಾವು ಹುರಿಹಿಟ್ಟಿಗೆ ಒಂದು ಪಾವು ಕುಟ್ಟಿದ ಬೆಲ್ಲ, ಒಂದು ಗಿಟುಕು ಕೊಬ್ಬರಿಯ ತುರಿ, ಅರ್ಧ ಪಾವು ಹುರಿಗಡಲೆ ಪುಡಿ, ಎರಡು ಚಮಚ ಹುರಿದ ಎಳ್ಳು, ನಾಲ್ಕು ಏಲಕ್ಕಿ. ಬೆಲ್ಲಕ್ಕೆ ಸ್ವಲ್ಪವೇ ನೀರು ಹಾಕಿ ಕರಗಿಸಿ, ಸೋಸಿ, ಎಳೆ ಪಾಕ ಬಂದಾಗ ಇಳಿಸಿ, ಎಲ್ಲವನ್ನೂ ಬೆರೆಸಿ ಬಿಸಿ ಆರುವ ಮೊದಲು ಒತ್ತಿ. ಪಾಕ ಕೈ ಸುಡುತ್ತದೆ, ಅದನ್ನು ಹಿರಿಯರಿಗೇ ಬಿಡಿ.

ಉಂಡೆ ಕಟ್ಟುವ ಹೊತ್ತಿನಲ್ಲಿ ಅಜ್ಜಿಯನ್ನು ಕೇಳಿ: ನಿಮ್ಮ ಮನೆಯಲ್ಲಿ ಹಗೇವು ಇತ್ತೇ? ಬರ ಬಂದಾಗ ಏನು ತಿಂದಿರಿ? ರಾಗಿ ಅರಳಿತೆಂದು ಹೇಗೆ ಗೊತ್ತಾಗುತ್ತಿತ್ತು? ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದು, ದಿನಾಂಕ ಹಾಕಿ ಇಡಿ. ನಿಮ್ಮ ಊರಿನ ಚರಿತ್ರೆಯ ಮೊದಲ ಪುಟವನ್ನು ಆಗ ನೀವೇ ಬರೆದಂತಾಗುತ್ತದೆ.